ಮುದ್ರೆ ಬಿದ್ದ ಜೋಳ

ಎಪ್ಪತ್ತರ ದಶಕದ ನಡುವೆ ನಾನು ಮದುವೆಯಾಗಿ ಬಾದಾಮಿಯಿಂದ ಕಮತಗಿ ಹತ್ತಿರದ ಒಂದು ಹಳ್ಳಿಗೆ ಬಂದೆ. ನನ್ನ ಗಂಡ ಹುನಗುಂದದಲ್ಲಿ ಶಾಲೆಯ ಮಾಸ್ತರರು. ವಾರವೆಲ್ಲ ಅಲ್ಲಿದ್ದು ರವಿವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ಮದುವೆಯ ವಯಸ್ಸಿಗೆ ಬಂದ ನಾದಿನಿ ಮತ್ತು ನಾನು ಇರುತ್ತಿದ್ದೆವು. ನಾನು ಬಂದ ವರ್ಷವೇ ಮಾವ ಬಾವಿಯ ಹೊಲದಲ್ಲಿ ಹೈಬ್ರಿಡ್ ಜೋಳದ ಬೀಜ ಬೆಳೆಯಲು ಒಪ್ಪಿಕೊಂಡಿದ್ದರು. ಊರಿನಲ್ಲಿ ಅಂಥ ಕೆಲಸಕ್ಕೆ ಕೈಹಾಕಿದವರಲ್ಲಿ ಅವರೇ ಮೊದಲಿಗರು.

ಬೀಜದ ಬೆಳೆ ಎಂದರೆ ತಿನ್ನುವ ಬೆಳೆಯ ಹಾಗಲ್ಲ ಎಂದು ನನಗೆ ತಿಳಿದದ್ದು ಆಗ. ಹೊಲದಲ್ಲಿ ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ. ಸುತ್ತಮುತ್ತ ಯಾರೂ ಬೇರೆ ಜೋಳ ಬಿತ್ತಬಾರದು, ಗಾಳಿಗೆ ಬೇರೆ ಹೊಲದ ಪರಾಗ ಹಾರಿ ಬಂದರೆ ಬೀಜ ಕೆಡುತ್ತದೆ. ಬಾಗಲಕೋಟೆಯಿಂದ ತಪಾಸಣೆಯ ಸಾಹೇಬರೊಬ್ಬರು ಬರುತ್ತಿದ್ದರು. ತೆಳ್ಳಗಿನ ಮೈ, ಇನ್ನೂ ಮೀಸೆ ಸರಿಯಾಗಿ ಬಲಿಯದ ಮುಖ. ಸಾಲು ಸಾಲು ನಡೆದು, ಒಂದೊಂದು ತೆನೆ ಹಿಡಿದು ನೋಡಿ, ಬೆರಕೆ ಎನಿಸಿದ ಗಿಡವನ್ನು ಬೇರುಸಹಿತ ಕಿತ್ತು ಹಾಕಿಸುತ್ತಿದ್ದರು.

ಹೊಲಕ್ಕೆ ಬುತ್ತಿ ತಂದಿದ್ದ ನಮ್ಮತ್ತೆ ಅದನ್ನು ಮೊದಲ ಸಲ ನೋಡಿದಾಗ ಎದೆ ಬಡಿದುಕೊಂಡರು.

"ಹಾಲ್ದೆನಿ ಕಿತ್ತ ಒಗೀತೀರಲ್ರಿ ಸಾಹೇಬ್ರ! ಭೂಮ್ತಾಯಿ ಏನಂದಾಳು?"

"ಯವ್ವಾ, ಇದರಾಗ ಒಂದು ಬೆರಕಿ ಉಳದ್ರೂ ನಿಮ್ಮ ಬೀಜಕ್ಕ ಮುದ್ರಿ ಬೀಳೂದಿಲ್ಲ" ಎಂದರು ಸಾಹೇಬರು.

ಅತ್ತೆಗೆ ಸಿಟ್ಟು ಬಂತು. ಸಂಜೆಯವರೆಗೆ ಅದನ್ನೇ ಆಡಿಕೊಂಡರು. ಆದರೆ ಬರಬರುತ್ತ ಆ ಸಿಟ್ಟು ಒಂದು ಬಗೆಯ ಹೆಮ್ಮೆಯಾಯಿತು. ಬಾವಿಗೆ ನೀರಿಗೆ ಬಂದ ಹೆಂಗಸರೆದುರು, "ನಮ್ಮ ಜ್ವಾಳ ಅಂದ್ರ ಹುಡಿಗಿ ನೋಡಿದಂಗ ನೋಡ್ತಾರವ್ವ. ಸಣ್ಣ ಐಬ ಇದ್ರೂ ಒಲ್ಲೆ ಅಂತಾರ" ಎನ್ನತೊಡಗಿದರು. ಸುಗ್ಗಿಯಾಯಿತು. ಜೋಳ ಲಾರಿ ಹತ್ತಿ ಬಾಗಲಕೋಟೆಗೆ ಹೋಯಿತು. ಅಲ್ಲಿ ಜರಡಿ ಹಿಡಿದು, ಮೊಳಕೆ ಬರಿಸಿ ನೋಡಿ, ಪಾಸು ಮಾಡಿದರಂತೆ. ಬೇಸಿಗೆಯ ಕೊನೆಗೆ, ಮುಂಗಾರಿಗೆ ಬಿತ್ತಲೆಂದು ಮಾವ ಅದೇ ಬೀಜದ ಕೆಲವು ಚೀಲಗಳನ್ನು ತಂದು ದೇವರ ಕೋಣೆಯ ಪಕ್ಕದ ಕತ್ತಲಕೋಣೆಯಲ್ಲಿ ಇಟ್ಟರು. ಬಿಳಿ ಬಟ್ಟೆಯ ಚೀಲ, ಬಾಯಿಗೆ ಹೊಲಿಗೆ, ಹೊಲಿಗೆಗೆ ಸೀಸದ ಮುದ್ರೆ, ಮುದ್ರೆಯ ಜೊತೆ ನೀಲಿ ಚೀಟಿ. ಅತ್ತೆ ಚೀಲಗಳಿಗೆ ವಿಭೂತಿ ಹಚ್ಚಿ ಕೈಮುಗಿದರು.

"ಅವನ್ನ ಯಾರೂ ಮುಟ್ಟಬ್ಯಾಡ್ರಿ" ಎಂದಷ್ಟೇ ಹೇಳಿ ಮಾವ ಹೊಲಕ್ಕೆ ಹೋದರು. ಯಾಕೆ ಮುಟ್ಟಬಾರದು ಎಂದು ಹೇಳಲಿಲ್ಲ. ಅವರ ಮಾತೇ ಹಾಗೆ, ಯಾವಾಗಲೂ ಅರ್ಧ. ಭಾರಿ ಬೆಲೆಯ ಮಾಲು, ಅದಕ್ಕೆ ಮುಟ್ಟಬಾರದು ಎಂದು ಅತ್ತೆ ತಿಳಿದರು. ನಾನೂ ಹಾಗೇ ತಿಳಿದೆ.

ಅದೇ ಹೊತ್ತಿಗೆ ನಾದಿನಿಗೆ ಇಳಕಲ್ಲಿನಿಂದ ಒಂದು ಸಂಬಂಧ ಕೂಡಿ ಬಂತು. ಸೀರೆ ವ್ಯಾಪಾರದ ಮನೆತನ. ಸೋಮವಾರ ಹುಡುಗಿ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ನಾನು ಆ ವಾರ ತವರಿನಲ್ಲಿದ್ದೆ, ನನ್ನ ಗಂಡ ಶಾಲೆಯ ಕೆಲಸವೆಂದು ಹುನಗುಂದದಲ್ಲೇ ಉಳಿದಿದ್ದರು. ರವಿವಾರ ಸಂಜೆ ಬಸ್ಸಿಳಿದು ಮನೆಗೆ ಬಂದರೆ ಹಿತ್ತಲಲ್ಲಿ ಎಮ್ಮೆಯೊಂದು ಬಿಡದೆ ಒದರುತ್ತಿತ್ತು. ಅದರ ಕರು ಮಧ್ಯಾಹ್ನ ಸತ್ತಿತ್ತು. ಬೆಳಿಗ್ಗೆ ಕುಣಿಯುತ್ತಿದ್ದ ಕರು, ಬಾಯಲ್ಲಿ ನೊರೆ ಬಂದು, ಕಾಲು ಬಡಿದು ಹೋಯಿತಂತೆ.

"ಹಾವು ಮುಟ್ಟಿರಬೇಕು. ಬ್ಯಾಸಗ್ಯಾಗ ಬಣವಿ ಸಂದ್ಯಾಗ ಕುಂತಿರ್ತಾವ" ಎಂದರು ಅತ್ತೆ. "ನಾಳೆ ಬೀಗರ ಮುಂದ ಇದನ್ನ ತಗೀಬ್ಯಾಡ. ಛಲೋ ಕೆಲಸದ ಹೊತ್ತಿನ್ಯಾಗ ಸಾವಿನ ಸುದ್ದಿ ಬ್ಯಾಡ."

ಮರುದಿನ ಬೆಳಿಗ್ಗೆ ನಾನು ರೊಟ್ಟಿಗೆ ಹಿಟ್ಟು ನಾದಲು ಕುಳಿತೆ. ಡಬ್ಬಿ ತುಂಬ ಹೊಸ ಹಿಟ್ಟಿತ್ತು. ಬಿಸಿನೀರು ಹಾಕಿದ ಕೂಡಲೇ ಹಿಟ್ಟಿಗೆ ಎಲ್ಲೋ ಒಂದು ನಸುಗೆಂಪು ಬಂದಂತೆ ಕಂಡಿತು. ವಾಸನೆಯೂ ಬೇರೆ.

"ಅತ್ತಿ, ಹಿಟ್ಟು ಕೆಂಪ ಕಾಣ್ತದಲ್ರಿ?"

"ಗಿರಣ್ಯಾಗ ನಮ್ಮ ಮುಂದ ಯಾರೋ ಖಾರ ಬೀಸಿದ್ರವ್ವ. ಅದರದ ಬಣ್ಣ ಹತ್ತಿರಬೇಕು. ನೀ ರೊಟ್ಟಿ ತೆಳ್ಳಗ ಬಡಿ, ಇಳಕಲ್ಲಿನವ್ರು ಬಾಯಿ ಚಪ್ಪರಿಸಬೇಕು."

ಗಿರಣಿಯಲ್ಲಿ ಹಾಗಾಗುವುದು ಹೊಸದೇನಲ್ಲ. ನಾನು ನಂಬಿ ರೊಟ್ಟಿ ಬಡಿದೆ.

ಹನ್ನೆರಡರ ಸುಮಾರಿಗೆ ಬೀಗರು ಬಂದರು. ಹುಡುಗ, ಹುಡುಗನ ತಂದೆ, ತಾಯಿ. ಮಾವನೇ ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತಂದಿದ್ದರು. ನಾದಿನಿ ಸೀರೆಯುಟ್ಟು ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ಹುಡುಗನ ತಾಯಿ ಅವಳನ್ನು ಏನೋ ಕೇಳಿದರು, ಅವಳ ದನಿ ಹೊರಡಲಿಲ್ಲ. ಮಾತು ಅಷ್ಟಕ್ಕೇ ನಿಂತಿತು. ಊಟಕ್ಕೆ ಎಡೆ ಹಾಕಿದೆವು. ಗಂಡಸರು ಪಡಸಾಲೆಯಲ್ಲಿ, ಹುಡುಗನ ತಾಯಿ ನಡುಮನೆಯಲ್ಲಿ ಕುಳಿತರು. ಅತ್ತೆಗೆ ಸೋಮವಾರದ ಉಪವಾಸ. ನಾದಿನಿಗೆ ನಾಚಿಕೆಗೆ ಹಸಿವೇ ಇರಲಿಲ್ಲ. ನಾನು ಬಡಿಸುವವಳು.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಹುಡುಗನ ತಂದೆ ಮೊದಲ ರೊಟ್ಟಿ ಮುಗಿಸಿ ಎರಡನೆಯದನ್ನೂ ಹಾಕಿಸಿಕೊಂಡು, "ರೊಟ್ಟಿ ಭಾಳ ತೆಳ್ಳಗ, ಭಾಳ ಮೆತ್ತಗ ಅದಾವ್ರಿ. ಯಾವ ಜ್ವಾಳ ಇದು?" ಎಂದರು.

ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿರಲಿಲ್ಲ. ಸೆರಗು ಸರಿಮಾಡಿಕೊಂಡು ಅಲ್ಲಿಂದಲೇ ಹೇಳಿದರು: "ನಮ್ಮ ಹೊಲದ್ದ ಜ್ವಾಳರಿ. ಆದ್ರ ಹಂತಿಂಥಾದ್ದಲ್ಲ. ಸರ್ಕಾರದವ್ರು ಪರೀಕ್ಷಾ ಮಾಡಿ ಮುದ್ರಿ ಹಾಕಿದ್ದು. ನಿಮಗಂತನ ಚೀಲ ಬಿಚ್ಚೇನ್ರಿ."

ನಾನು ಮಾವನಿಗೆ ಮೊಸರು ಹಾಕಲು ಬಗ್ಗಿದ್ದೆ. ಬಾಯಿಯ ಹತ್ತಿರ ಹೋಗಿದ್ದ ಅವರ ಕೈ ಅಲ್ಲೇ ನಿಂತಿತು. ಅವರ ಮುಖದ ಬಣ್ಣ ಇಳಿದುಹೋದದ್ದನ್ನು ನಾನು ಅಷ್ಟು ಹತ್ತಿರದಿಂದ ಕಂಡೆ.

"ಏನಂದಿ?"

"ಮುದ್ರಿ ಜ್ವಾಳ ಅಂದ್ನಿ. ಕೆಂಪು ಬಣ್ಣ ಹತ್ತಿತ್ತು, ನೀರು ತಿಳಿ ಬರೂ ತನ ತೊಳದ ಒಣಗಿಸೇನಿ..."

ಮಾವ ತಟ್ಟೆಯನ್ನು ಎಡಗೈಯಿಂದ ಎಸೆದರು. ಅದು ಅಂಗಳದವರೆಗೆ ಹೋಗಿ ಬಿತ್ತು. ಎದ್ದವರೇ ಬೀಗರ ಮುಂದಿನ ತಟ್ಟೆಗೆ ಕೈಹಾಕಿ ಕಸಿದುಕೊಂಡರು. ಹುಡುಗನ ಬಾಯಲ್ಲಿದ್ದ ತುತ್ತನ್ನು ಗಲ್ಲ ಹಿಡಿದು ಕಕ್ಕಿಸಿದರು.

"ಉಗುಳ್ರಿ! ತಿನಬ್ಯಾಡ್ರಿ! ವಿಷ ಅದ ಅದರಾಗ! ಬೀಜಕ್ಕ ವಿಷ ಹಚ್ಚಿರ್ತಾರ!"

ಮನೆಗೆ ಬಂದ ಬೀಗರ ಎದುರಿನ ತಟ್ಟೆ ಕಸಿಯುವುದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಹುಡುಗನ ತಂದೆ ಕೈ ಎತ್ತಿಕೊಂಡೇ ಕುಳಿತಿದ್ದರು. ಅವರಿಗೆ ಸಿಟ್ಟು ಬಂದಿತ್ತೋ ಭಯವೋ ತಿಳಿಯದು. ನಡುಮನೆಯಲ್ಲಿ ಹುಡುಗನ ತಾಯಿ, "ಏನಾತ್ರಿ? ಏನಾತು?" ಎನ್ನುತ್ತಿದ್ದರು. ಅವರು ಎಲ್ಲರಿಗಿಂತ ಹೆಚ್ಚು ತಿಂದಿದ್ದರು. ಮಾವ ಬಚ್ಚಲಿಗೆ ಓಡಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿ, ಉಳಿದವರಿಗೂ ಉಪ್ಪುನೀರು ಕುಡಿಸಲು ನನಗೆ ಕೂಗಿ ಹೇಳಿದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಅವರ ಬಾಯಿ ತೆರೆದಿತ್ತು.

ಓಣಿಯ ಜನ ರಸ್ತೆಗೆ ಓಡಿ ಬಾಗಲಕೋಟೆ ಕಡೆಗೆ ಹೊರಟಿದ್ದ ಲಾರಿಯೊಂದನ್ನು ತಡೆದರು. ಹತ್ತುವ ಮುಂಚೆ ಮಾವ ನನಗೆ, "ಆ ಬಿಚ್ಚಿದ ಚೀಲ ತಗೊಂಡ ಬಾ ತಂಗಿ, ಚೀಟಿ ಹರೀಬ್ಯಾಡ. ಡಾಕ್ಟರಿಗೆ ಬೇಕಾಗ್ತದ" ಎಂದರು. ಅಂಥ ಹೊತ್ತಿನಲ್ಲಿ ಅವರಿಗೆ ಅದು ಹೇಗೆ ಹೊಳೆಯಿತೋ.

ಲಾರಿಯ ಹಿಂಬದಿಯಲ್ಲಿ, ಹುಡುಗನ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು ನಾನು ಆ ನೀಲಿ ಚೀಟಿಯನ್ನು ಮೊದಲ ಸಲ ಓದಿದೆ. ನಾನು ಮ್ಯಾಟ್ರಿಕ್ ಪಾಸಾದವಳು, ಇಂಗ್ಲಿಷು ಅಕ್ಷರ ಕೂಡಿಸಿ ಓದಬಲ್ಲೆ. ಮೇಲೆ ದೊಡ್ಡ ಅಕ್ಷರಗಳಲ್ಲಿ ಬೀಜದ ಜಾತಿ, ಅದು ಎಷ್ಟು ಶುದ್ಧ, ನೂರಕ್ಕೆ ಎಷ್ಟು ಮೊಳೆಯುತ್ತದೆ ಎಂದಿತ್ತು. ಕೆಳಗೆ, ಇರುವೆಯ ಸಾಲಿನಂಥ ಸಣ್ಣ ಅಕ್ಷರದಲ್ಲಿ, ಔಷಧದ ಹೆಸರು, ಆಮೇಲೆ ವಿಷ ಎನ್ನುವ ಮಾತು, ಮನುಷ್ಯರಾಗಲಿ ದನಗಳಾಗಲಿ ತಿನ್ನಬಾರದು ಎನ್ನುವ ಮಾತು. ಎಲ್ಲ ಇಂಗ್ಲಿಷಿನಲ್ಲಿ. ನಮ್ಮ ಮನೆಯಲ್ಲಿ ಚೀಲದ ಹತ್ತಿರ ನಿತ್ಯ ಓಡಾಡುತ್ತಿದ್ದ ಅತ್ತೆಗೆ ಕನ್ನಡದ ಅಕ್ಷರವೂ ಬಾರದು. ದನಗಳು ಎಂಬಲ್ಲಿಗೆ ಬಂದಾಗ ನನಗೆ ಕರು ನೆನಪಾಯಿತು. ಅತ್ತೆ ಕಾಳು ತೊಳೆದ ನೀರನ್ನು ಚೆಲ್ಲುವವರಲ್ಲ, ದನ ಕುಡಿಯುವ ಬಾನಿಗೆ ಹಾಕುವವರು. ಅಷ್ಟರಲ್ಲಿ ಹುಡುಗನ ತಾಯಿ ವಾಂತಿ ಮಾಡತೊಡಗಿದರು.

ದವಾಖಾನೆಯಲ್ಲಿ ಡಾಕ್ಟರರು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. "ಛಲೋ ಮಾಡೀರಿ, ಇದನ್ನ ತಂದದ್ದು. ಇಲ್ಲಂದ್ರ ಕಾಲರಾ ಅಂತ ತಿಳಕೊಂಡು ಬ್ಯಾರೆ ಔಷಧ ಕೊಡ್ತಿದ್ದೆ" ಎಂದರು. ಎಲ್ಲರಿಗೂ ನಳಿಕೆ ಹಾಕಿ ಹೊಟ್ಟೆ ತೊಳೆದರು. ಆಮೇಲೆ ತತ್ತಿಯ ಬಿಳಿಯನ್ನು ಹಾಲಿನಲ್ಲಿ ಕಡೆದು ತರಲು ಹೇಳಿದರು.

ಹುಡುಗನ ತಂದೆ ಕೊರಳಿನ ಲಿಂಗ ಹಿಡಿದುಕೊಂಡರು. "ಡಾಕ್ಟರ, ಜೀವ ಹೋದ್ರೂ ಚಿಂತಿಲ್ಲ. ತತ್ತಿ ಒಲ್ಲೆ."

"ವಿಷ ಹಿಡಕೊಳ್ಳಾಕ ಅದ ಬೇಕ್ರಿ. ಔಷಧ ಅಂತ ಕುಡೀರಿ."

ಅವರು ತುಟಿ ಬಿಗಿದು ಮುಖ ತಿರುಗಿಸಿದರು. ಪಕ್ಕದ ಮಂಚದಲ್ಲಿದ್ದ ಮಾವನಿಗೂ ಅದು ಆಗದ ಮಾತು. ಆಗ ಆ ಕಡೆಯ ಕೋಣೆಯಿಂದ ಹುಡುಗನ ತಾಯಿ, ಉಸಿರು ಹಿಡಿದುಕೊಂಡು, "ನನಗ ಕೊಡವ್ವ ತಂಗಿ, ನಾ ಕುಡೀತೇನಿ. ಕೊರಳಾಗಿನ ಲಿಂಗಪ್ಪಗ ನಾ ಹೇಳತೇನಿ" ಎಂದರು. ನಾನೇ ಕುಡಿಸಿದೆ. ಅವರು ಕಣ್ಣು ಮುಚ್ಚಿ ಗಟಗಟ ಕುಡಿದರು. ಅದನ್ನು ಕಂಡ ಮೇಲೆ ಗಂಡಸರೂ ಒಬ್ಬೊಬ್ಬರಾಗಿ ಲೋಟ ತೆಗೆದುಕೊಂಡರು. ಹುಡುಗನ ತಂದೆಯ ಕಣ್ಣಲ್ಲಿ ನೀರು ಹರಿಯುತ್ತಿತ್ತು.

ಮರುದಿನ ನಾದಿನಿ ಬಟ್ಟೆ, ಗಂಜಿ ಹೊತ್ತುಕೊಂಡು ಬಂದಳು. ಅತ್ತೆ ಬರಲಿಲ್ಲ. ಉಪವಾಸ ಬಿಟ್ಟಿಲ್ಲ, ಒಲೆ ಹೊತ್ತಿಸಿಲ್ಲ, ಎಮ್ಮೆಯ ಹತ್ತಿರ ಹೋಗಿ ಕುಳಿತಿದ್ದಾರೆ ಎಂದಳು. ಮಾವ, ಹುಡುಗ, ಹುಡುಗನ ತಂದೆ ಬೇಗ ಚೇತರಿಸಿಕೊಂಡರು. ಹುಡುಗನ ತಾಯಿಯ ಮುಖ ಕಾಲು ಬಾತವು, ಮೂತ್ರ ಕಟ್ಟಿತು. ಡಾಕ್ಟರರು ಏನೂ ಹೇಳಲಾಗದು ಎಂದರು. ನಾನು, ನಾದಿನಿ ಸರದಿಯ ಮೇಲೆ ಅವರ ಬಳಿ ಇದ್ದೆವು. ದನಿಯೇ ಹೊರಡದಿದ್ದ ಹುಡುಗಿ ಅವರ ಮೈ ಒರೆಸಿದಳು, ತಲೆ ಬಾಚಿದಳು, ಪಳಗಿದ ನರ್ಸಿನಂತೆ ಹಾಸಿಗೆ ಬದಲಿಸಿದಳು. ಬಾವು ಇಳಿದು, ಅವರು ಗೋಡೆ ಹಿಡಿದು ನಡೆಯುವಂತಾದ ದಿನ, ನಾಚುತ್ತ ನಾಚುತ್ತ ಮಾವ ಕ್ಷಮೆ ಕೇಳಲು ಹೋದರು. ಆ ತಾಯಿ ತಮ್ಮ ಗಂಡನ ಕಡೆ ನೋಡಿ ನಕ್ಕರು.

"ಹುಡಿಗಿ ನೋಡಾಕಂತ ಬಂದಿದ್ವಿ. ಮಂದಿ ಒಂದು ತಾಸಿನ್ಯಾಗ ನೋಡ್ತಾರ. ನಾವು ಸಾವಕಾಶ ನೋಡಿದ್ವಿ. ನಮಗ ಪಸಂದ ಅದಾಳ."

ಮಾವ ಗಳಗಳ ಅತ್ತುಬಿಟ್ಟರು.

ಮದುವೆ ಶ್ರಾವಣದಲ್ಲಿ ಎಂದು ಗೊತ್ತಾಯಿತು. ಆದರೂ ಅತ್ತೆ ಅಡುಗೆಮನೆಗೆ ಕಾಲಿಡಲಿಲ್ಲ. ಹಿಟ್ಟಿನ ಡಬ್ಬಿ ಕಂಡರೆ ಮುಖ ತಿರುಗಿಸುತ್ತಿದ್ದರು. ಮಾವ ಒಂದು ಮಾತೂ ಬೈಯಲಿಲ್ಲ. "ಮುಟ್ಟಬ್ಯಾಡ್ರಿ ಅಂದೆ, ವಿಷ ಅನ್ನಲಿಲ್ಲ ನಾ" ಎಂದು ಒಮ್ಮೆ ಜಗಲಿಯ ಮೇಲೆ ತಮ್ಮಷ್ಟಕ್ಕೆ ಅಂದುಕೊಂಡದ್ದು ನನ್ನ ಕಿವಿಗೆ ಬಿತ್ತು.

ಸುದ್ದಿ ತಿಳಿದು ತಪಾಸಣೆಯ ಸಾಹೇಬರು ಬಂದರು. ಚಹಾ ಮುಟ್ಟಲಿಲ್ಲ. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತೇ ಇದ್ದರು. ಆಗ ಅತ್ತೆ ಒಳಗಿನಿಂದ ಬಂದು ಅವರೆದುರು ನೆಲದ ಮೇಲೆ ಕುಳಿತರು.

"ಸಾಹೇಬ್ರ, ಬಿತ್ತಾಕ ಛಲೋ ಇದ್ದದ್ದು ತಿನ್ನಾಕ ಯಾಕ ವಿಷ ಆಗಬೇಕ್ರಿ?"

"ನೆಲದಾಗಿನ ಹುಳ ಬೀಜ ತಿನಬಾರದಂತ, ತೆನಿ ಕರ್ರಗ ಮಾಡೂ ಕಾಡಿಗಿ ರೋಗ ಬರಬಾರದಂತ ಹಚ್ಚತಾರ್ರಿ ಯವ್ವಾ. ತೊಳದ್ರ ಬಣ್ಣ ಹೋಗ್ತದ, ವಿಷ ಹೋಗೂದಿಲ್ಲ."

"ಮುದ್ರಿ ನೋಡಿ ನಾ ನಂಬಿದ್ನಿ."

"ಮುದ್ರಿ ಖರೇನ ಐತ್ರಿ. ಬೀಜ ಖರೇನ ಛಲೋ ಐತಿ" ಎಂದ ಸಾಹೇಬರ ದನಿ ಸಣ್ಣದಾಯಿತು. ಆಮೇಲೆ, "ಈ ಸಲ ಕಮತಗ್ಯಾಗ ಬೀಜ ಹಂಚುವಾಗ ನಾ ಎಲ್ಲಾರಿಗೂ ಹೇಳ್ತೇನ್ರಿ" ಎಂದರು.

"ನೀವು ಹೇಳಿದ್ರ ನಿಮ್ಮ ಮುಂದ ಹೂಂ ಅಂತಾರ. ನಾ ಹೇಳ್ತೇನಿ" ಎಂದರು ಅತ್ತೆ.

ನಾನು ಬೆಚ್ಚಿಬಿದ್ದೆ. ಬೀಗರೆದುರು ಬಾಗಿಲ ಮರೆಯಲ್ಲಿ ನಿಂತು ಮಾತಾಡುವ ಹೆಂಗಸು ಅವರು. ಊರಿಗೆಲ್ಲ ಗೊತ್ತಾದ ತಮ್ಮ ಕೆಲಸವನ್ನು ಪರ ಊರಿನವರಿಗೂ ಹೇಳಿಕೊಳ್ಳುತ್ತೇನೆ ಎನ್ನುತ್ತಿದ್ದರು.

ಮೊದಲ ಮಳೆಯಾದ ಮೇಲೆ ಕಮತಗಿಯಲ್ಲಿ ಬೀಜ ಹಂಚುವ ದಿನ ಬಂತು. ಅತ್ತೆ ಇಳಕಲ್ಲ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ನನ್ನನ್ನು ಕರೆದುಕೊಂಡು ಹೋಗಿ ಗೋದಾಮಿನ ಕಟ್ಟೆಯ ಮೇಲೆ ನಿಂತರು. ಚೀಲ ಹೊತ್ತು ಬಂದ ಒಬ್ಬೊಬ್ಬರನ್ನೂ ತಡೆದು ಹೇಳಿದರು. ಹೆಂಗಸರಾದರೆ ಕೈ ಹಿಡಿದೇ ಹೇಳಿದರು.

"ಇದು ಬಿತ್ತಾಕ ಅಷ್ಟ ನೋಡವ್ವ. ಉಳೀತಂತ ಬೀಸಬ್ಯಾಡ, ಎಮ್ಮಿಗೂ ಹಾಕಬ್ಯಾಡ. ನಾ ಹಾಕಿದ್ನಿ. ನನ್ನ ಕೈಯಾರ ಬೀಗರಿಗೆ ವಿಷ ಹಾಕಿದ್ನಿ."

ಕೆಲವರು ನಕ್ಕರು. ಕೆಲವರು ಮುದುಕಿಗೆ ತಲೆ ಸರಿ ಇಲ್ಲ ಎಂದು ಸರಿದು ಹೋದರು. ಅತ್ತೆ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಒಡೆದಿತ್ತು. ಆಗ, ರಾಮಥಾಳದ ಕಡೆಯ ಒಂದು ಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬಳು ಚೀಲ ಕೆಳಗಿಟ್ಟಳು. ನನಗಿಂತ ಸ್ವಲ್ಪ ದೊಡ್ಡವಳು.

"ಏನೇನಾಕ್ಕೈತಿ ಅದನ್ನ ತಿಂದ್ರ?" ಎಂದು ಮೆಲ್ಲಗೆ ಕೇಳಿದಳು.

ಅತ್ತೆ ಹೇಳಿದರು. ವಾಂತಿ, ಬಾಯಿ ಉರಿ, ಮೈ ಬಾವು, ಮೂತ್ರ ಕಟ್ಟುವುದು. ಒಂದೊಂದನ್ನು ಹೇಳಿದ ಹಾಗೆ ಆ ಹೆಂಗಸು ತಲೆ ಅಲ್ಲಾಡಿಸುತ್ತ ಬಂದಳು, ಹೌದು ಹೌದು ಎಂಬಂತೆ.

"ಹೋದ ವರ್ಷ ಬಿತ್ತಿ ಉಳದದ್ದು ನಾವೂ ತೊಳದ ಬೀಸಿದ್ವಿರಿ. ನಮ್ಮತ್ತಿ ಹಿಂಗ ಸತ್ಲು. ನಾವು ವಾಂತಿಭೇದಿ ದೊಡ್ಡಬ್ಯಾನಿ ಅಂತ ತಿಳಕೊಂಡ್ವಿ. ಹಂಗಾದ್ರ ಅದು ಬ್ಯಾನಿ ಅಲ್ಲೇನ್ರಿ?"

ಅತ್ತೆ ಕಟ್ಟೆಯಿಂದ ಇಳಿದು ಅವಳ ಕೈ ಹಿಡಿದರು. ಗೋದಾಮಿನ ಬಾಗಿಲಲ್ಲಿದ್ದ ಸಾಹೇಬರು ನಮ್ಮ ಕಡೆಯೇ ನೋಡುತ್ತ ನಿಂತುಬಿಟ್ಟರು. ನಮ್ಮ ಮನೆಯಲ್ಲಿ ಮಾತ್ರ ಆದದ್ದು ಎಂದುಕೊಂಡಿದ್ದೆವು. ಎಷ್ಟು ಮನೆಗಳಲ್ಲಿ ಎಷ್ಟು ಜನ ಹೀಗೆ ಬೇರೆ ಹೆಸರಿನಲ್ಲಿ ಹೋಗಿದ್ದಾರೋ ಯಾರಿಗೆ ಗೊತ್ತು?

ಆ ಹೆಂಗಸು ಇನ್ನೂ ನಿಂತಿದ್ದಳು. ಏನೋ ಹೇಳಲೋ ಬೇಡವೋ ಎಂಬಂತಿತ್ತು.

"ನನ್ನ ಮೈದುನನ ಹೇಣ್ತಿ ಆಗಷ್ಟ ಮನಿ ತುಂಬಿದ್ಲ್ರಿ. ಅಕಿ ಕಾಲ್ಗುಣ ಅಂತ ನಮ್ಮ ಮಾವ ಅಕಿನ್ನ ತವರಿಗೆ ಕಳಿಸ್ಯಾರ. ವರ್ಷಾತು. ಕರಕೊಂಡ ಬಂದಿಲ್ಲ."

ಅತ್ತೆ ಅವಳ ಊರು, ಮನೆ ಕೇಳಿಕೊಂಡರು. ಮರುದಿನ ಬೆಳಿಗ್ಗೆ ಗಾಡಿ ಕಟ್ಟಿಸಿದರು. ಮಾವ ಬೇಡವೆನ್ನಲಿಲ್ಲ, ತಾವೇ ಗಾಡಿ ಹೊಡೆದರು. ನಾನೂ ಹೋದೆ, ಚೀಟಿ ಓದಲು.

ಆ ಮನೆಯ ಯಜಮಾನ ಎತ್ತರದ ಮುದುಕ. ಅತ್ತೆ ಅವನ ಪಡಸಾಲೆಯಲ್ಲಿ ನಿಂತು ತಮ್ಮ ಮನೆಯಲ್ಲಿ ಆದದ್ದೆಲ್ಲವನ್ನೂ ಹೇಳಿದರು. ನಾನು ನೀಲಿ ಚೀಟಿಯ ಸಣ್ಣ ಅಕ್ಷರಗಳನ್ನು ಓದಿ ಕನ್ನಡದಲ್ಲಿ ಹೇಳಿದೆ. ಮುದುಕ ಕೈಯಲ್ಲಿದ್ದ ಅಡಕೊತ್ತನ್ನು ಮಡಚಿ ಕೆಳಗಿಟ್ಟ.

"ಬೀಸಿಕೊಂಡ ಬಂದಾಂವ ನಾ" ಎಂದ ಕೊನೆಗೆ. "ಗಿರಣಿಗೆ ನಾನ ಹೋಗಿದ್ನಿ."

ಅವನು ಗೋಡೆಯ ಕಡೆ ತಿರುಗಿದ. ನಾವು ಹೊರಟು ಬಂದೆವು. ಹೇಳಿದ್ದು ಒಳ್ಳೆಯದಾಯಿತೋ, ಆ ಮುದುಕನಿಗೆ ಸಾಯುವ ತನಕದ ನೋವು ಹೊರಿಸಿ ಬಂದೆವೋ ನನಗೆ ಇಂದಿಗೂ ಬಗೆಹರಿದಿಲ್ಲ.

ದೀಪಾವಳಿಗೆ ಮುಂಚೆ ಅವನು ತಾನೇ ಹೋಗಿ ಸಣ್ಣ ಸೊಸೆಯನ್ನು ಕರೆತಂದನೆಂದು ಕಮತಗಿ ಸಂತೆಯಲ್ಲಿ ಸುದ್ದಿ ಸಿಕ್ಕಿತು. ಅದನ್ನು ಕೇಳಿದ ದಿನ ಅತ್ತೆ ಒಲೆಯ ಮುಂದೆ ಬಂದು ಕುಳಿತು ನನ್ನ ಕೈಯಿಂದ ಹಿಟ್ಟಿನ ಉಂಡೆ ತೆಗೆದುಕೊಂಡರು.

ಆ ಸೊಸೆಯನ್ನು ನಾನು ಒಮ್ಮೆ ಮಾತ್ರ ನೋಡಿದೆ. ಎಂಬತ್ತರ ಆಚೆ, ಹುನಗುಂದದ ಪೇಟೆಯಲ್ಲಿ. ಅವಳ ನೆಗೆಣ್ಣಿ, ಕಮತಗಿಯಲ್ಲಿ ಸಿಕ್ಕಿದ್ದವಳು, ನನ್ನನ್ನು ಗುರುತು ಹಿಡಿದು ನಕ್ಕಳು. ಪಕ್ಕದಲ್ಲಿ ಬಳೆ ಚೌಕಾಸಿ ಮಾಡುತ್ತಿದ್ದವಳನ್ನು ಕಣ್ಣಿನಲ್ಲೇ ತೋರಿಸಿದಳು. ಕಂಕುಳಲ್ಲಿ ಕೂಸಿತ್ತು. ನಾನು ಯಾರೆಂದು ಅವಳಿಗೆ ತಿಳಿಯದು. ಹಸಿರು ಬೇಡ, ಕೆಂಪು ಕೊಡು ಎಂದು ಬಳೆಗಾರನೊಂದಿಗೆ ಜಗಳವಾಡುತ್ತಿದ್ದಳು.